ಜಪಾನಿ ಚಿತ್ರಕ್ಕೊಂದು ವ್ಯಾಖ್ಯಾನ

ನಮ್ಮ ಬೀದಿಯ ಇಸ್ತ್ರಿ ಗಾಡಿಗೆ ಈಗ ಗಂಜಿ ಹಾಕಿದ ಬಟ್ಟೆ ಕೊಡುವವಳು ನಾನೊಬ್ಬಳೇ. ಭಾನುವಾರ ಬೆಳಿಗ್ಗೆ ಸೀರೆಗಳನ್ನು ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಹರವಿ, ಸ್ವಲ್ಪ ತೇವ ಉಳಿದಿರುವಾಗಲೇ ಕೊಂಡೊಯ್ದು ಕೊಡುತ್ತೇನೆ. ಆಸ್ಪತ್ರೆಯ ನೌಕರಿಯಿಂದ ಬಂದ ಅಭ್ಯಾಸ. ಸಿಸ್ಟರ್ ಯೂನಿಫಾರ್ಮ್ ಮುದುಡಿದ್ದರೆ ಅವಳ ವಾರ್ಡೂ ಮುದುಡಿರುತ್ತದೆ ಎಂದು ನಮಗೆ ಕಲಿಸಿದ್ದರು. ಕಳೆದ ವಾರ ಕಾದ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಕೂತು, ಸೀದ ಅನ್ನದಂಥ ಆ ವಾಸನೆ ಎದ್ದಾಗ ನಾನು ಗಾಡಿಯ ಪಕ್ಕದಲ್ಲೇ ನಿಂತಿದ್ದೆ. ನೆನಪಾದದ್ದು ಯೂನಿಫಾರ್ಮ್ ಅಲ್ಲ, ಒಂದು ದೊಡ್ಡ ಬಿಳಿ ಪರದೆ. ಆ ನೆನಪಿನ ಬೆನ್ನಿಗೇ ಮೇಷ್ಟ್ರು...

ಚಂದ್ರಾ ಲೇಔಟಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಸಮುದಾಯ ಭವನವಿತ್ತು. ಕೆಳಗಡೆ ನಾಮಕರಣ, ನಿಶ್ಚಿತಾರ್ಥಗಳಿಗೆ ಬಾಡಿಗೆಗೆ ಕೊಡುವ ಹಾಲ್. ಮೊದಲ ಮಹಡಿಯಲ್ಲಿ ಒಂದು ಸಣ್ಣ ಸಭಾಂಗಣ. ಅದರ ಮೇಲೆ, ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಒಂದು ಕೋಣೆ. ಆ ಕೋಣೆಯಲ್ಲಿ ಮೇಷ್ಟ್ರು ಇದ್ದರು. ಇಲ್ಲಿಯದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭವನದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವುದು, ಅದಕ್ಕೆ ಬದಲಾಗಿ ಕೋಣೆಯಲ್ಲಿ ಇರುವುದು ಎಂದು ಟ್ರಸ್ಟಿನವರು ಮಾತು ಮಾಡಿಕೊಂಡಿದ್ದರು. ಒಂದು ಮಂಚ, ರೇಡಿಯೊ, ಗೋಡೆ ತುಂಬ ಪುಸ್ತಕ, ಒಂದು ಗ್ಯಾಸ್ ಒಲೆ. ಬೆಳಿಗ್ಗೆ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಅವರೇ ಮಾಡಿದ ಕಾಫಿ ಕುಡಿಯುವಾಗ ಅವರ ಮುಖದಲ್ಲಿ ಇರುತ್ತಿದ್ದ ಸಮಾಧಾನವನ್ನು ನಾನು ದೊಡ್ಡ ಬಂಗಲೆಗಳ ಒಡೆಯರಲ್ಲೂ ಕಂಡಿಲ್ಲ.

ಮೇಷ್ಟ್ರು ಗಮಕದ ವ್ಯಾಖ್ಯಾನಕಾರರು. ಗಮಕದಲ್ಲಿ ಒಬ್ಬರು ಕಾವ್ಯದ ಪದ್ಯಗಳನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಮತ್ತೆ ಪದ್ಯ, ಮತ್ತೆ ಅರ್ಥ. ಮೇಷ್ಟ್ರು ಆ ಇನ್ನೊಬ್ಬರು. ಅವರ ಜೊತೆ ಓದುತ್ತಿದ್ದವರು ತೀರಿಕೊಂಡ ಮೇಲೆ ಬೇರೆ ಯಾರ ಜೊತೆಗೂ ಅವರಿಗೆ ಹೊಂದಲಿಲ್ಲ. ಆಗ ಅವರಿಗೆ ಹೊಳೆದದ್ದು ಸಿನಿಮಾ. ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕಕ್ಕೆ ಹೊರದೇಶದ ಒಂದು ಚಿತ್ರ. ನೋಡಲು ಬರುವವರು ಹೆಚ್ಚಾಗಿ ನನ್ನ ವಯಸ್ಸಿನವರು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅರ್ಧದಷ್ಟು ಜನರಿಗೆ ಓದಲು ಬಾರದು, ಉಳಿದವರಿಗೆ ಅಷ್ಟು ಬೇಗ ಓದಲು ಆಗದು. ಆದ್ದರಿಂದ ಸ್ವಲ್ಪ ಹೊತ್ತು ಚಿತ್ರ, ಆಮೇಲೆ ನಿಲ್ಲಿಸಿ ದೀಪ ಹಾಕಿ ಮೇಷ್ಟ್ರ ವ್ಯಾಖ್ಯಾನ, ಮತ್ತೆ ಚಿತ್ರ. ಪದ್ಯದ ಜಾಗದಲ್ಲಿ ಸಿನಿಮಾ ಬಂತು, ಅಷ್ಟೇ. ಅವರ ಮಾತು ಕೇಳಲೆಂದೇ ಬಾಪೂಜಿ ನಗರದಿಂದ ಬರುವವರೂ ಇದ್ದರು.

ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕುವುದು, ನಿಲ್ಲಿಸುವುದು, ದೀಪದ ಸ್ವಿಚ್ಚು, ಪರದೆಗೆ ಗಂಜಿ, ಹೊತ್ತಿಗೆ ಸರಿಯಾಗಿ ಆರಂಭ, ಇದೆಲ್ಲ ನನ್ನ ಪಾಲಿನ ಕೆಲಸ. ಪರದೆಯ ಎಡಗಡೆ, ಗೋಡೆಯ ಸ್ವಿಚ್ಚಿಗೆ ಕೈ ಎಟುಕುವಂತೆ ನನ್ನ ಕುರ್ಚಿ. ಪಕ್ಕದ್ದು ಮೇಷ್ಟ್ರದು.

ಅವರ ಕಣ್ಣಿನ ವಿಷಯ ಮೊದಲು ಗೊತ್ತಾದದ್ದು ನನಗೆ. ಕಾಫಿ ಬಗ್ಗಿಸುವಾಗ ಲೋಟದ ಅಂಚಿನೊಳಗೆ ಬೆರಳು ಇಟ್ಟುಕೊಳ್ಳುತ್ತಿದ್ದರು, ಕಾಫಿ ಎಲ್ಲಿಗೆ ಬಂತೆಂದು ತಿಳಿಯಲು. ಮೂವತ್ತು ಚಿಲ್ಲರೆ ವರ್ಷ ರೋಗಿಗಳನ್ನು ನೋಡಿದವಳಿಗೆ ಅಷ್ಟು ಸಾಕು. ನಾನೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಗಿನ ಒತ್ತಡ ಹೆಚ್ಚಿ ನರ ಹಾಳಾಗಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಹಾಕಬೇಕು ಎಂದರು. ಉಳಿದದ್ದು ಸ್ವಲ್ಪವೇ. ಒಳ್ಳೆಯ ಬೆಳಕಿದ್ದರೆ ಕೊಳವೆಯಲ್ಲಿ ಇಣುಕಿದಷ್ಟು. ಕತ್ತಲಾದರೆ ಅದೂ ಇಲ್ಲ.

ವಾಪಸ್ಸು ಬರುವಾಗ ಆಟೊದಲ್ಲಿ ಅವರು ಕೇಳಿದರು. "ಸಿಸ್ಟರ್, ಪೇಷೆಂಟ್ ವಿಷಯ ನೀವು ಹೊರಗೆ ಹೇಳಲ್ಲ ಅಲ್ವಾ?"

"ಹೇಳಲ್ಲ."

"ಸರಿ. ಇವತ್ತಿಂದ ನಾನು ನಿಮ್ಮ ಪೇಷೆಂಟು."

ಆಮೇಲೆ ಒಂದಷ್ಟು ಕಾಲ ನಡೆಯಿತು. ಭವನದ ಮೆಟ್ಟಿಲು, ಬಾಗಿಲು, ಕುರ್ಚಿ ಸಾಲು ಎಲ್ಲ ಅವರ ಕಾಲಿಗೆ ಗೊತ್ತಿದ್ದವು. ಮೊದಲೇ ಬಾಯಿಪಾಠವಾಗಿದ್ದ ಹಳೆಯ ಚಿತ್ರಗಳನ್ನೇ ಆರಿಸುತ್ತಿದ್ದರು. ಹೊಸದಾದರೆ ವಾರವಿಡೀ ಮಧ್ಯಾಹ್ನ ನಾನು ಅವರ ಕೋಣೆಗೆ ಹೋಗಿ, ಅವರು ಲ್ಯಾಪ್‌ಟಾಪಿಗೆ ಮುಖ ಹಚ್ಚಿ ಕೂತಿರಲು, ಕಾಣದೆ ಹೋದದ್ದನ್ನು ಹೇಳುತ್ತಿದ್ದೆ. ಭಾನುವಾರದ ಹೊತ್ತಿಗೆ ಚಿತ್ರ ಅವರ ಕೈಯಲ್ಲಿರುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಒಂದು ಸನ್ಮಾನದ ದಿನ. ಅತಿಥಿಗಳು ಎದ್ದು ಫೋಟೊಗೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರು. ಮೇಷ್ಟ್ರು ಶಾಲು ಬಿಡಿಸಿ, ಅವರ ಹಿಂದಿದ್ದ ಕಂಬಕ್ಕೆ ಹೊದಿಸಲು ಹೋದರು. ಸಭೆ ನಕ್ಕಿತು. ಮೇಷ್ಟ್ರು ಮೈಕಿನಲ್ಲೇ, "ಕಂಬದೊಳಗೆ ಯಾರಿದಾರೋ ಯಾರಿಗ್ ಗೊತ್ತು, ಅವರಿಗೂ ಒಂದು ಶಾಲಿರ್ಲಿ ಅಂತ" ಎಂದು ಹೇಳಿ ಇನ್ನೂ ಜೋರಾಗಿ ನಗಿಸಿದರು. ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ನಗಲಿಲ್ಲ. ಅವರು ಟ್ರಸ್ಟಿನ ಅಧ್ಯಕ್ಷರು.

ಭವನದ ಜಾಗ ಅವರ ತಂದೆಯದು. ಲೇಔಟ್ ಆಗುವ ಮೊದಲು ಇಲ್ಲೆಲ್ಲ ಅವರ ಹೊಲವಿತ್ತಂತೆ. ಹೈಸ್ಕೂಲಿನಲ್ಲಿ ಮೇಷ್ಟ್ರ ಶಿಷ್ಯ. ಒರಟು ಮಾತು, ಆದರೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ನಾನು ಅವರನ್ನು ಹಾಗೆ ನೋಡಲಿಲ್ಲ.

ಮುಂದಿನ ಚಿತ್ರದ ಭಾನುವಾರ ಪರದೆಯನ್ನು ಮಡಿಸಿ ಹಿಡಿದು ನಾನು ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ತಿರುವಿನಲ್ಲಿ ನಿಂತಿದ್ದರು. ಅವರು ಸಿನಿಮಾಗೆ ಎಂದೂ ಬಂದವರಲ್ಲ.

"ಸಿಸ್ಟರ್, ಮೇಷ್ಟ್ರ ಕಣ್ಣು ಹೆಂಗಿದೆ?"

"ವಯಸ್ಸಾದವರ ಕಣ್ಣು ಹೇಗಿರುತ್ತೋ ಹಾಗಿದೆ."

"ನಿಮ್ಮತ್ರ ಬಾಯಿ ಬಿಡಿಸಕ್ಕಾಗಲ್ಲ ಬಿಡಿ. ಇವತ್ತು ನಾನೇ ಕೂತು ನೋಡ್ತೀನಿ. ಮೇಲಿನ ರೂಮು ನೋಡಿದೀರಲ್ಲ, ತಾರಸಿ ಗೋಡೆ ಮೊಣಕಾಲುದ್ದ. ಒಳಗೆ ಸಿಲಿಂಡರು. ಕಾಣ್ಸಲ್ಲ ಅನ್ನೋದು ನಿಜವಾದ್ರೆ ಅಲ್ಲಿ ಇಟ್ಕೊಳಕ್ಕಾಗಲ್ಲ. ಕೆಂಗೇರಿ ಹತ್ರ ಒಂದು ವೃದ್ಧಾಶ್ರಮ ವಿಚಾರಿಸಿದೀನಿ. ಚೆನ್ನಾಗಿದೆ."

ನಾನು ಮೇಲೆ ಹೋಗಿ ಪರದೆ ಕಟ್ಟಿದೆ. ನನಗೆ ಒಂದು ಧೈರ್ಯವಿತ್ತು. ಆ ದಿನದ ಚಿತ್ರ ಮೇಷ್ಟ್ರಿಗೆ ಪ್ರತಿ ಮಾತೂ ಬರುವಂಥ ಹಳೆಯ ಕಪ್ಪು-ಬಿಳುಪಿನದು.

ಆ ಚಿತ್ರದ ಡಿಸ್ಕ್ ಓಡಲಿಲ್ಲ. ಒರೆಸಿದೆ, ಮತ್ತೆ ಹಾಕಿದೆ, ಮತ್ತೆ ಒರೆಸಿದೆ. ಜನ ಬಂದು ಕೂರತೊಡಗಿದ್ದರು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಇನ್ನೊಂದೇ ಚಿತ್ರ, ಮುಂದಿನ ತಿಂಗಳಿಗೆಂದು ಸದಸ್ಯರೊಬ್ಬರು ಹಾಕಿಕೊಟ್ಟಿದ್ದ ಜಪಾನಿನದು. ಮುಂದಿನ ಕಾಲದ ವಿಜ್ಞಾನದ ಕಥೆಯಂತೆ. ನೋಡಲು ಎರಡು ಕಣ್ಣು ಸಾಲದು, ಅರ್ಥ ಮಾತ್ರ ಯಾರಿಗೂ ಆಗಿಲ್ಲ ಎಂದು ಕೊಟ್ಟವರೇ ಹೇಳಿದ್ದರು. ಮೇಷ್ಟ್ರು ಅದರ ಒಂದು ದೃಶ್ಯವನ್ನೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಇವತ್ತು ಚಿತ್ರ ಬೇಡ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೊದಲ ಸಾಲಿನ ನಡುವಿನಿಂದ ಅಧ್ಯಕ್ಷರ ಮಾತು ಬಂತು. "ಜಪಾನ್‌ದಾ? ಹಾಕಿ ಹಾಕಿ. ಅರ್ಥ ಆಗ್ದಿದ್ರೆ ಮೇಷ್ಟ್ರಿದಾರಲ್ಲ ಹೇಳಕ್ಕೆ."

ಮೇಷ್ಟ್ರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ಸಿಸ್ಟರ್, ನೀವು ಓದಿ. ನಾನು ಅರ್ಥ ಹೇಳ್ತೀನಿ."

"ನನಗೆ ಅದೆಲ್ಲ ಬರಲ್ಲ ಮೇಷ್ಟ್ರೇ."

"ಡ್ಯೂಟಿ ಬದಲಾಗುವಾಗ ಮುಂದಿನ ಸಿಸ್ಟರಿಗೆ ವಾರ್ಡ್ ಒಪ್ಪಿಸ್ತಿದ್ರಲ್ಲ, ಹಾಗೆ ಒಪ್ಪಿಸಿ ಸಾಕು."

ನಾನು ದೀಪ ಆರಿಸಿದೆ.

ಕಣ್ಣು ಹೋದಷ್ಟು ದೂರ ಉಪ್ಪಿನ ಬಯಲು. ಅದರ ಮೇಲೆ ಕೆಂಪು ಕೊಡೆ ಹಿಡಿದು ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಅವಳು ಕೊಡೆ ಮಡಿಸಿದರೆ ಬಯಲು ಮಾಯವಾಗಿ ಗಾಜಿನ ರೈಲೊಂದು ನಿಂತಿರುತ್ತಿತ್ತು. ಮತ್ತೆ ಬಿಡಿಸಿದರೆ ಗೋಡೆಗಳೇ ಇಲ್ಲದ ಮನೆಯಲ್ಲಿ ಒಬ್ಬ ಮುದುಕಿ ಅಡುಗೆ ಮಾಡುತ್ತಿದ್ದಳು. ಎಲ್ಲಿಂದಲೋ ಒಂದು ಗಂಡಸಿನ ಧ್ವನಿ ಸುಮ್ಮನೆ ಅಂಕಿ ಎಣಿಸುತ್ತಿತ್ತು. ಚಿತ್ರದ ಸದ್ದಿನ ಮರೆಯಲ್ಲಿ ನಾನು ಮೇಷ್ಟ್ರ ಕಿವಿಗೆ ಒಪ್ಪಿಸುತ್ತಾ ಹೋದೆ. "ಹೆಂಗಸು, ಮೂವತ್ತರ ಒಳಗೆ, ಆರೋಗ್ಯವಾಗಿದಾಳೆ. ಕೊಡೆ ಮಡಿಸಿದಳು. ಈಗ ರೈಲು. ರೈಲಲ್ಲಿ ಹುಡುಗಿ, ಹತ್ತು ವರ್ಷ. ಬಲಗೈಗೆ ಬ್ಯಾಂಡೇಜು. ಈಗ ಮುದುಕಿ. ಅವಳ ಬಲಗೈಯಲ್ಲಿ ಹಳೇ ಗಾಯದ ಗುರುತು." ಎಲ್ಲರಿಗೂ ಬಣ್ಣ ಕಾಣುತ್ತಿದ್ದಾಗ ನನಗೆ ಕಂಡದ್ದು ಗಾಯ. ಮೇಷ್ಟ್ರು ಒಮ್ಮೆ ಮಾತ್ರ ಕೇಳಿದರು. "ಗಾಯ ಒಂದೇ ಕಡೆನಾ?" "ಒಂದೇ ಕಡೆ." ಅವರು ತಲೆಯಾಡಿಸಿದರು.

ಮೊದಲ ಸಲ ದೀಪ ಹಾಕಿದಾಗ ಸಭೆ ಗೊಂದಲದಲ್ಲಿತ್ತು. ಮೇಷ್ಟ್ರು ಎದ್ದು, ಗೋಡೆಗೆ ಬೆರಳು ತಾಗಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದು ನಿಂತರು. "ಮೂರು ಜನ ಅಂತ ಲೆಕ್ಕ ಹಾಕ್ಬೇಡಿ. ಒಬ್ಬಳೇ. ಬಾಲ್ಯ, ಯೌವನ, ಮುಪ್ಪು ಮೂರನ್ನೂ ಒಂದೇ ಎಲೆ ಮೇಲೆ ಬಡಿಸಿದಾರೆ. ಬಲಗೈ ನೋಡಿ, ಗೊತ್ತಾಗುತ್ತೆ. ನಮ್ಮ ಕವಿಗಳು ಕಥೇನ ಮುಂದಕ್ಕೆ ಓಡಿಸಿ ಆಮೇಲೆ ಹಿಂದಕ್ಕೆ ಕರ್ಕೊಂಡು ಬರೋದಿಲ್ವಾ, ಹಾಗೆ." ಸಭೆಯಲ್ಲಿ ಓಹೋ ಎಂಬ ಸದ್ದು ಹರಿಯಿತು. ಹಿಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, "ಕೈ ನೋಡ್ಬೇಕಂತೆ ಕಣೇ, ನಾವು ಮುಖ ನೋಡ್ತಾ ಕೂತಿದೀವಿ" ಎಂದರು. ಅಧ್ಯಕ್ಷರು ಪರದೆಯನ್ನು ನೋಡುತ್ತಿರಲಿಲ್ಲ. ಮೇಷ್ಟ್ರನ್ನೇ ನೋಡುತ್ತಿದ್ದರು.

ಎರಡನೆಯ ಭಾಗದಲ್ಲಿ ತಪ್ಪಾಯಿತು.

ಆ ಮುದುಕಿ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿದ್ದ ಬಟ್ಟಲು ಮೆಲ್ಲನೆ ಜಾರಿತು. ಗಲ್ಲ ಎದೆಗೆ ಇಳಿಯಿತು, ಬೆರಳು ಸಡಿಲವಾದವು, ಬಾಯಿ ಸ್ವಲ್ಪ ತೆರೆಯಿತು. ನಾನು ಇದನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡವಳು. ಎರಡನೇ ಸಲ ನೋಡಬೇಕೆಂದೇ ಅನಿಸಲಿಲ್ಲ. "ಮುದುಕಿ ತೀರಿಕೊಂಡಳು" ಎಂದೆ. ಅಲ್ಲಿಗೆ ಸಮಯವೂ ಆಗಿತ್ತು. ನಿಲ್ಲಿಸಿ ದೀಪ ಹಾಕಿದೆ.

ಮೇಷ್ಟ್ರು ಆ ಸಾವಿಗೆ ಕೊಟ್ಟ ವ್ಯಾಖ್ಯಾನ ಕೇಳಬೇಕಿತ್ತು. ಒಲೆಯ ಮೇಲಿನ ಅನ್ನ ಇನ್ನೂ ಬೇಯುತ್ತಿರುವಾಗಲೇ ಬೇಯಿಸಿದವಳು ಹೊರಟುಹೋಗುವುದು, ಅವಳಿಗಾಗಿ ನಡೆದು ಬರುತ್ತಿರುವ ಕೊಡೆಯ ಹೆಂಗಸು ಅವಳೇ ಆಗಿರುವುದು, ತನ್ನ ಸಾವಿಗೆ ತಾನೇ ತಡವಾಗಿ ಬರುವುದು... ಇಬ್ಬರು ಮೂವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ದೀಪ ಆರಿಸಿ ಚಿತ್ರ ಮುಂದುವರಿಸಿದೆ.

ಮುದುಕಿ ಕಣ್ಣುಬಿಟ್ಟು, ಬಿದ್ದ ಬಟ್ಟಲನ್ನು ಎತ್ತಿಕೊಂಡು, ಅದರಲ್ಲಿ ಬಿಸಿಬಿಸಿ ಏನನ್ನೋ ಸುರಿದುಕೊಂಡು ಕುಡಿಯತೊಡಗಿದಳು.

ಹಿಂದಿನಿಂದ ಶುರುವಾದ ನಗು ಇಡೀ ಸಭೆಗೆ ಹಬ್ಬಿತು. ಮೇಷ್ಟ್ರು ನನ್ನ ಕಡೆ ತಿರುಗಿದರು. "ಏನು ನಗು?"

"ಎದ್ದಳು."

"ಯಾರು?"

"ಸತ್ತವಳು."

ಪರದೆಯ ಬೆಳಕಿನಲ್ಲಿ ಅಧ್ಯಕ್ಷರ ಮುಖ ನಮ್ಮ ಕಡೆ ಪೂರ್ತಿ ತಿರುಗಿರುವುದು ನನಗೆ ಕಾಣಿಸಿತು. ಅವರು ನಗುತ್ತಿರಲಿಲ್ಲ.

ಇನ್ನು ಎಚ್ಚರವಾಗಿ, ಕಂಡದ್ದನ್ನಷ್ಟೇ ಹೇಳಬೇಕು ಎಂದುಕೊಂಡು ನಾನು ಬಾಗಿದೆ. ಅಷ್ಟರಲ್ಲಿ ಚಿತ್ರದ ಸದ್ದು ನಿಂತುಹೋಯಿತು. ಸಂಗೀತವಿಲ್ಲ, ಎಣಿಸುತ್ತಿದ್ದ ಧ್ವನಿಯಿಲ್ಲ, ಗಾಳಿಯ ಸದ್ದೂ ಇಲ್ಲ. ಲ್ಯಾಪ್‌ಟಾಪ್ ಕೆಟ್ಟಿತೇನೋ ಎಂದು ನೋಡಿದೆ. ಕೆಟ್ಟಿರಲಿಲ್ಲ. ಚಿತ್ರವೇ ಮೂಕವಾಗಿತ್ತು. ಫ್ಯಾನಿನ ಕಿರಕಿರ ಕೇಳುವಷ್ಟು ಮೌನ. ನಾನು ಪಿಸುಗುಟ್ಟಿದರೆ ಮೂರನೇ ಸಾಲಿನವರೆಗೆ ಕೇಳುತ್ತಿತ್ತು.

ಮತ್ತು ಆಗ ಪರದೆಯ ಮೇಲೆ ಶುರುವಾಯಿತು. ಅದನ್ನು ಏನೆಂದು ಹೇಳಲಿ... ಆ ಗೋಡೆಯಿಲ್ಲದ ಮನೆ ತಲೆಕೆಳಗಾಗಿ ಮೇಲಕ್ಕೆ ಏರಿತು. ಉಪ್ಪಿನ ಬಯಲು ಅಂಚಿನಿಂದ ಬಣ್ಣ ಹೀರತೊಡಗಿತು. ನಾನು ಜೀವನದಲ್ಲಿ ಕಂಡಿರದ ನೀಲಿಗಳು ಒಂದರ ಹೊಟ್ಟೆಯೊಳಗಿಂದ ಒಂದು ಹುಟ್ಟಿ ಬಂದವು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಷ್ಟೂ ಜನ ಬಾಯಿ ತೆರೆದು ಕೂತಿದ್ದರು. ಅವರ ನಡುವೆ ಮೇಷ್ಟ್ರು, ಕಾಣದೆ, ಈಗ ಕೇಳದೆ ಕೂಡ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ನಾನು ಅವರ ಅಂಗೈ ಬಿಡಿಸಿ ಬೆರಳಿನಿಂದ ಮನೆಯ ಆಕಾರ ಬರೆದೆ, ಮೇಲಕ್ಕೆ ಒಂದು ಗೆರೆ ಎಳೆದೆ. ಅವರು ತಲೆ ಅಲ್ಲಾಡಿಸಿದರು, ಅರ್ಥವಾಗಲಿಲ್ಲವೆಂದು. ನೀಲಿಯನ್ನು ಅಂಗೈ ಮೇಲೆ ಹೇಗೆ ಬರೆಯುವುದು? ಕೈಬಿಟ್ಟೆ.

ಎಷ್ಟು ಹೊತ್ತು ಹಾಗಿತ್ತೋ. ಮುಗಿದು ಮತ್ತೆ ಆ ಎಣಿಸುವ ಧ್ವನಿ ಬಂದಾಗ ನಿಲ್ಲಿಸುವ ಹೊತ್ತು ಮೀರಿತ್ತು. ದೀಪ ಹಾಕದೆ ಹಾಗೇ ಮುಂದೆ ಓಡಿಸಿಬಿಡಲೇ ಎಂದು ಯೋಚಿಸಿದೆ. ಅಧ್ಯಕ್ಷರು ಗಟ್ಟಿಯಾಗಿ ಹೇಳಿದರು. "ಸಿಸ್ಟರ್, ಲೈಟ್ ಹಾಕಿ. ಮೇಷ್ಟ್ರು ಹೇಳ್ಲಿ."

ಹಾಕಿದೆ. ಮೇಷ್ಟ್ರು ಎದ್ದು ನಿಂತರು.

"ಮೇಷ್ಟ್ರೇ," ಅಧ್ಯಕ್ಷರು ಕೂತಲ್ಲಿಂದಲೇ ಕೇಳಿದರು, "ಅದೇನು, ನೀವು ಸಾಯಿಸಿದ ಅಜ್ಜಿ ಎದ್ದು ಕಾಫಿ ಕುಡೀತಾ ಇದಾಳಲ್ಲ?"

"ಸತ್ತವರು ಕಾಫಿ ಕುಡಿಯೋದು ನಮಗೇನು ಹೊಸದಾ? ತಿಥಿ ದಿನ ನಿಮ್ಮ ಅಪ್ಪನಿಗೆ ನೀನು ಏನೇನು ಇಡ್ತೀಯ ಎಡೇಲಿ, ಜ್ಞಾಪಿಸ್ಕೊ."

ಸಭೆ ಮತ್ತೆ ನಕ್ಕಿತು. ಈ ಸಲ ಮೇಷ್ಟ್ರ ಕಡೆಯ ನಗು. ಅಧ್ಯಕ್ಷರ ತುಟಿಯೂ ಸ್ವಲ್ಪ ಸಡಿಲವಾಯಿತು. "ಕಾಫಿ, ಎರಡು ಬೀಡಿ" ಎಂದರು. "ಸರಿ, ಆಮೇಲಿಂದು ಹೇಳಿ. ಆ ಮನೆ, ಆ ಬಣ್ಣ. ಏನದು?"

ಮೇಷ್ಟ್ರು ಶಾಂತವಾಗಿ ಹೇಳಿದರು. "ಇಷ್ಟು ವರ್ಷ ನಾನು ಹೇಳಿದೆ, ನೀವು ಕೇಳಿದ್ರಿ. ಇವತ್ತು ನೀವು ಹೇಳಿ. ನಾನು ಕೇಳ್ತೀನಿ. ಏನು ನೋಡಿದ್ರಿ? ಒಬ್ಬೊಬ್ಬರಾಗಿ."

ಮೊದಲು ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರು ಸಂಕೋಚದಿಂದ ಎದ್ದರು. "ನೀಲಿ ಅಂದ್ರೆ ಮಾಮೂಲಿ ನೀಲಿ ಅಲ್ಲ ಮೇಷ್ಟ್ರೇ. ಮೊದಲು ನವಿಲಿನ ಕತ್ತಿಂದು. ಅದನ್ನ ಬಗ್ಗಿಸಿದ್ರೆ ಒಳಗೆ ಕತ್ತಲೆ ನೀಲಿ, ಅದರ ಮಡಿಕೆ ಒಳಗೆ ಬೆಳ್ಳಿ. ಎರಡೆಳೆ ರೇಷ್ಮೆ ನೇಯ್ದಾಗ ಹೊಳೆಯಲ್ವಾ, ಹಂಗೆ."

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, "ಮನೆ ಮೇಲಕ್ಕೆ ಹೋಯ್ತು. ಪಾತ್ರೆ ಪಡಗ ಒಂದೂ ಬೀಳ್ಲಿಲ್ಲ. ಕೊನೆಗೆ ಕಿಟಕಿ ಒಂದೊಂದೇ ಹಾರಿಹೋದ್ವು" ಎಂದರು.

"ಹಾರ್ಲಿಲ್ಲ ರೀ, ಕರಗಿದ್ವು," ಎಂದರು ಅವರ ಹೆಂಡತಿ.

"ಗೋಡೇನೇ ಇಲ್ಲದ ಮನೆಗೆ ಕಿಟಕಿ ಎಲ್ಲಿಂದ ಬಂತು?" ಎಂದು ಯಾರೋ ಕೇಳಿದರು.

"ಇತ್ತು ರೀ, ನಾನು ನೋಡಿದೀನಿ."

ವಾದ ಎದ್ದಿತು. ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ಮೇಷ್ಟ್ರು ಒಂದು ಕೈಯನ್ನು ಗೋಡೆಗೆ ಊರಿ, ಮುಖ ಸ್ವಲ್ಪ ಮೇಲೆತ್ತಿ ಕೇಳುತ್ತಿದ್ದರು. ಹಸಿದವರು ಉಣ್ಣುವುದನ್ನು ನಾನು ನೋಡಿದ್ದೇನೆ. ಹಾಗಿತ್ತು ಆ ಮುಖ.

ಕೊನೆಗೆ ಅಧ್ಯಕ್ಷರು ಎದ್ದರು. ಅವರ ಒರಟು ಗಂಟಲು ಇಳಿದಿತ್ತು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದರು. "ಮೇಷ್ಟ್ರೇ, ಆ ನೀಲಿ ಮುಗಿದ್ಮೇಲೆ ಎಲ್ಲಾ ಕಪ್ಪಾಯ್ತು. ಆಮೇಲೆ ನಿಮ್ಮ ಎಡಗೈ ಕಡೆ, ಕೆಳಗಡೆ ಮೂಲೆಯಿಂದ, ಒಂದು ಎಳೆ ಬೆಳಕು ಬಂತು. ನಿಮ್ಮ ಎದೆ ಎತ್ತರಕ್ಕೆ ಬಂದು ನಿಂತ್ಕೊಂತು. ಅಲ್ಲಿಂದ ಬಲಗಡೆಗೆ ಮೆಲ್ಲಗೆ ಹರಡ್ತು. ಇಲ್ಲಿ ನಮ್ಮ ಕೆರೆ ಇತ್ತಲ್ಲ, ಮುಚ್ಚೋಕೆ ಮೊದಲು, ಅದರ ಮೇಲೆ ಬೆಳಗ್ಗೆ ಬೆಳಕು ಹರಿಯೋದು, ಆ ತರ. ಎಮ್ಮೆ ಹೊಡ್ಕೊಂಡು ಹೋಗೋವಾಗ ನೋಡ್ತಿದ್ದೆ..." ಅಲ್ಲಿಗೆ ನಿಲ್ಲಿಸಿ ಕೂತರು.

ಬೇರೆಯವರೆಲ್ಲ ಕಂಡದ್ದನ್ನು ಹೇಳಿದ್ದರು. ಅಧ್ಯಕ್ಷರು ಹೇಳಿದ್ದು ಕಾಣದವರಿಗೆ ಹೇಳುವ ರೀತಿ. ಎಡ, ಬಲ, ಎದೆಯ ಎತ್ತರ. ಅವರಿಗೆ ಗೊತ್ತಾಗಿಹೋಗಿದೆ ಎಂದು ನನಗೆ ಆಗ ತಿಳಿಯಿತು. ಮೇಷ್ಟ್ರಿಗೂ ತಿಳಿದಿತ್ತು ಎಂದು ಕಾಣುತ್ತದೆ. ಗೋಡೆಯಿಂದ ಕೈ ತೆಗೆದರು.

"ಇಷ್ಟು ಚೆನ್ನಾಗಿ ನೋಡಿದೀರಿ. ಇದಕ್ಕೆ ನಾನು ಅರ್ಥ ಸೇರಿಸಿದ್ರೆ ಕೆಡುತ್ತೆ. ಮುಂದಕ್ಕೆ ಹಾಕಿ ಸಿಸ್ಟರ್," ಎಂದು ಬಂದು ಕೂತರು.

ಉಳಿದ ಚಿತ್ರವನ್ನು ನಾನು ಒಪ್ಪಿಸಲಿಲ್ಲ. ಅವರೂ ಕೇಳಲಿಲ್ಲ.

ಜನ ಇಳಿದು ಹೋದ ಮೇಲೆ ಅಧ್ಯಕ್ಷರು ಹತ್ತಿರ ಬಂದರು. "ತಲೆಬುಡ ಅರ್ಥ ಆಗ್ಲಿಲ್ಲ ಮೇಷ್ಟ್ರೇ, ಆದ್ರೆ ಚೆನ್ನಾಗಿತ್ತು," ಎಂದವರೇ ಮೇಷ್ಟ್ರ ಮೊಣಕೈಗೆ ಮೆಲ್ಲನೆ ಕೈ ಕೊಟ್ಟರು. "ಬನ್ನಿ. ಮೇಲೆ ಬಿಡ್ತೀನಿ. ಮೆಟ್ಲಿದೆ."

ಆ ಮೆಟ್ಟಿಲುಗಳನ್ನು ಮೇಷ್ಟ್ರು ವರ್ಷಗಳಿಂದ ಒಬ್ಬರೇ ಹತ್ತಿದವರು. ಅವರು ಕದಲಲಿಲ್ಲ. "ಗೊತ್ತಾಯ್ತಾ?"

"ಗೊತ್ತಾಯ್ತು."

"ಅಜ್ಜಿ ಎದ್ದಾಗಲಾ?"

"ಅಲ್ಲ. ಅದು ಯಾರಿಗಾದ್ರೂ ಆಗುತ್ತೆ, ನಾನೂ ಸತ್ತಳು ಅಂದ್ಕೊಂಡೆ. ನಾನು ಎದ್ದು ಮಾತಾಡಿದಾಗ ನೀವು ನನ್ನ ಕಡೆ ನೋಡ್ಲಿಲ್ಲ. ಕ್ಲಾಸಲ್ಲಿ ಯಾವ ದಡ್ಡ ಬಾಯಿ ಬಿಟ್ರೂ ಮುಖಾನೇ ನೋಡ್ತಿದ್ರಿ."

ನಾನು ನಡುವೆ ಬಂದೆ. ಡ್ರಾಪ್ಸ್ ನಾನು ಹಾಕುತ್ತೇನೆ, ಗ್ಯಾಸ್ ತೆಗೆಸಿಬಿಡಿ, ಎರಡು ಹೊತ್ತು ಊಟ ತಂದುಕೊಡುತ್ತೇನೆ, ತಾರಸಿಗೆ ಕಂಬಿ ಹಾಕಿಸಿ, ಎಂದೆಲ್ಲ ಒಂ​ದೇ ಉಸಿರಿನಲ್ಲಿ ಹೇಳಿದೆ. ಅಧ್ಯಕ್ಷರು ಪೂರ್ತಿ ಕೇಳಿದರು.

"ಒಂದು ದಿನ ನಿಮಗೇ ಜ್ವರ ಬಂದ್ರೆ ಸಿಸ್ಟರ್?"

ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರೇನೋ. ಡ್ಯೂಟಿಗೆ ಒಬ್ಬರು ಬಾರದಿದ್ದರೆ ವಾರ್ಡಿನ ಗತಿ ಏನೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ನಾನು. ಅವರು ಹೇಳಿದ್ದು ಸರಿ ಎಂಬುದೇ ಅತ್ಯಂತ ಕಷ್ಟದ ಸಂಗತಿಯಾಗಿತ್ತು.

"ಬಿಡಿ ಸಿಸ್ಟರ್," ಎಂದರು ಮೇಷ್ಟ್ರು. ಆಮೇಲೆ ಶಿಷ್ಯನ ಕಡೆ ತಿರುಗಿ, "ಪುಸ್ತಕ ಇಡಕ್ಕೆ ಜಾಗ ಇದೆಯೇನೋ ಅಲ್ಲಿ?"

"ಮಾಡಿಸ್ತೀನಿ."

"ಕಣ್ಣಿಲ್ಲದವನಿಗ್ಯಾಕೆ ಪುಸ್ತಕ ಅಂತ ಕೇಳ್ಲಿಲ್ಲವಲ್ಲ. ಅಷ್ಟು ಸಾಕು." ಶಿಷ್ಯನ ಕೈ ಹಿಡಿದು ಮೆಟ್ಟಿಲು ಹತ್ತಿದರು. ನಾನು ಪರದೆ ಬಿಚ್ಚಿ ಮಡಿಸಿದೆ.

ಆ ತಿಂಗಳು ಮುಗಿಯುವುದರೊಳಗೆ ಅವರನ್ನು ಕೆಂಗೇರಿಗೆ ಕರೆದುಕೊಂಡು ಹೋದರು. ನೆಲಮಹಡಿಯ ಕೋಣೆ, ಚೊಕ್ಕಟವಾಗಿತ್ತು. ಅಧ್ಯಕ್ಷರು ಮಾತಿನಂತೆ ಗೋಡೆಗೆ ಹಲಗೆ ಹಾಕಿಸಿ ಪುಸ್ತಕ ಜೋಡಿಸಿಕೊಟ್ಟಿದ್ದರು. ಭವನದಲ್ಲಿ ಸಿನಿಮಾ ಇನ್ನೊಂದೆರಡು ತಿಂಗಳು ನಡೆಯಿತು. ನಿಲ್ಲಿಸಿ ದೀಪ ಹಾಕಿದರೆ ಎದ್ದು ನಿಲ್ಲುವವರೇ ಇರಲಿಲ್ಲ. ನಿಂತುಹೋಯಿತು.

ವಾರಕ್ಕೊಮ್ಮೆ, ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ, ದಾರಿಯಲ್ಲಿ ಏನು ಕಂಡಿತು ಎಂದು ಮೇಷ್ಟ್ರು ಕೇಳಿದರು. "ಜನ ಇದ್ರು. ಸೀಟು ಸಿಕ್ತು. ಹೊತ್ತಿಗೆ ಸರಿಯಾಗಿ ಬಂತು," ಎಂದೆ.

"ವಾರ್ಡ್ ಒಪ್ಪಿಸ್ಬೇಡಿ ಸಿಸ್ಟರ್. ಆ ಟೈಲರಮ್ಮ ಹೇಳಿದ್ಹಾಗೆ ಹೇಳಿ."

ಬರಲಿಲ್ಲ ನನಗೆ. ಮುಂದಿನ ವಾರ ಕಿಟಕಿಯ ಪಕ್ಕ ಕೂತು ನೋಡುತ್ತಾ ಹೋದೆ. ವೃಷಭಾವತಿಯ ಕಪ್ಪು ನೀರಿನ ಮೇಲೆ ನೊರೆ ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ಅದನ್ನು ಹೇಳಿದೆ. ಎಂಥ ಬಿಳುಪು ಎಂದು ಕೇಳಿದರು. ಸೋಪಿನದಲ್ಲ, ಹಳೆಯ ಹತ್ತಿಯದು, ಅಂಚಿನಲ್ಲಿ ಸ್ವಲ್ಪ ಚಹದ ಬಣ್ಣ ಎಂದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ನಕ್ಕರು. "ಈಗ ಕಾಣಿಸ್ತು." ಹಾಗೆ ಶುರುವಾಗಿ ಜ್ಞಾನಭಾರತಿಯ ಮರಗಳು, ನಾಯಂಡಹಳ್ಳಿಯ ಗ್ಯಾರೇಜಿನ ಮುಂದೆ ಎಣ್ಣೆ ಚೆಲ್ಲಿದ ನೆಲ, ಎದುರು ಸೀಟಿನ ಹುಡುಗಿಯ ಉಗುರಿನ ಬಣ್ಣ, ಎಲ್ಲವೂ ಅವರಿಗೆ ಬೇಕಾಯಿತು. ಪ್ರತಿಯೊಂದಕ್ಕೂ ಅವರು ಏನಾದರೂ ಅರ್ಥ ಸೇರಿಸುತ್ತಿದ್ದರು. ನಾನು ಓದುತ್ತಿದ್ದೆ, ಅವರು ವ್ಯಾಖ್ಯಾನ ಮಾಡುತ್ತಿದ್ದರು. ಎರಡು ಮಳೆಗಾಲ ಹಾಗೆ ನಡೆಯಿತು. ಒಂದು ಬೆಳಿಗ್ಗೆ ಆಶ್ರಮದಿಂದ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು. ನಾನು ಹೋಗಿ ಮುಖ ನೋಡಿದೆ. ಈ ಸಲ ಎರಡು ಬಾರಿ ನೋಡಿದೆ...

ಈಗಲೂ ಬೆಳಿಗ್ಗೆ ಆರಕ್ಕೆ ನನ್ನ ವಾಕಿಂಗು ತಪ್ಪುವುದಿಲ್ಲ. ಮೊನ್ನೆ ಲೇಔಟಿನ ಪಾರ್ಕಿನ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಸೋರುತ್ತಾ ನಿಂತಿತ್ತು. ರಸ್ತೆಯ ಮೇಲೆ ಹರಿದ ನೀರಿನಲ್ಲಿ ಆಗತಾನೆ ಬಂದ ಬಿಸಿಲು, ಅದರ ಮೇಲೆ ಉದುರಿದ ಗುಲಾಬಿ ಬಣ್ಣದ ಹೂ. ನಾನು ನಿಂತೆ. ಎಳೆಯ ಮಗುವಿನ ಅಂಗಾಲಿನ ಬಣ್ಣ, ನೀರು ತಾಗಿದ ಕಡೆ ಸ್ವಲ್ಪ ಕಪ್ಪಾಗಿದೆ, ನಿಮ್ಮ ಎಡಗಡೆಯಿಂದ ಹರಿದು ಬರ್ತಾ ಇದೆ ಎಂದು ಬಾಯಿಂದ ಬಂದೇಬಿಟ್ಟಿತು.

ಪಕ್ಕದಲ್ಲಿ ನಡೆಯುತ್ತಿದ್ದ ಹುಡುಗಿ ಕಿವಿಯ ಇಯರ್‌ಫೋನ್ ತೆಗೆದು ನನ್ನನ್ನು ನೋಡಿದಳು. "ಏನಂದ್ರಿ ಆಂಟಿ?"

"ಏನಿಲ್ಲಮ್ಮ," ಎಂದೆ. ಅವಳು ಮುಂದೆ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಅರ್ಥ ಹೇಳುವವರಿಗಾಗಿ.